ತಟ್ಟೆ ಮನೆಯದು, ದನಿ ನಾಡಿನದು



ಇದು ದತ್ತಿ ಉಪನ್ಯಾಸ, ಹಾಗಾಗಿ ದತ್ತಿ ಎಂಬ ಮಾತಿನಿಂದಲೇ ತೊಡಗುತ್ತೇನೆ. ದತ್ತಿಯ ಮೂಲಧನಕ್ಕೆ ಯಾರೂ ಕೈ ಹಾಕುವುದಿಲ್ಲ. ವರ್ಷ ವರ್ಷ ಅದರಿಂದ ಹುಟ್ಟುವ ಬಡ್ಡಿ ಮಾತ್ರ ಸಾರ್ವಜನಿಕರಿಗೆ ಸಲ್ಲುತ್ತದೆ. ಗಂಟು ಕರಗುವುದಿಲ್ಲ, ಕೊಟ್ಟವರ ಹೆಸರು ಉಳಿಯುತ್ತದೆ, ಊರಿಗೆ ಉಪಕಾರವಾಗುತ್ತದೆ. ಅಪರೂಪದ ಗ್ರಾಮಫೋನ್ ತಟ್ಟೆಗಳನ್ನು ಮನೆಯಲ್ಲಿ ಕೂಡಿಟ್ಟುಕೊಂಡವರ ಸ್ಥಿತಿಯೂ ಹೀಗೆಯೇ ಇದೆ. ತಟ್ಟೆಯನ್ನು ಕಪಾಟಿನಲ್ಲಿ ಇಟ್ಟುಕೊಂಡೇ ಅದರೊಳಗಿನ ದನಿಯನ್ನು ನೂರು ಕಡೆಗೆ ಕಳಿಸಬಹುದು. ಕಳಿಸಿದ್ದರಿಂದ ತಟ್ಟೆಯ ಒಂದು ಗೀರೂ ಸವೆಯುವುದಿಲ್ಲ. ಹೀಗಿದ್ದೂ ಅಂಗಡಿಯಲ್ಲಿ ಸಿಗದ, ಕಂಪನಿ ಮರೆತ ಎಷ್ಟೋ ಧ್ವನಿಮುದ್ರಿಕೆಗಳು ಒಬ್ಬರ ಮನೆಯಲ್ಲಿ ಒಬ್ಬರ ಕಿವಿಗಷ್ಟೇ ಮೀಸಲಾಗಿ ಉಳಿದಿವೆ. ಅವುಗಳನ್ನು ಹಂಚುವುದನ್ನು ನಾವು ಸಂಗ್ರಾಹಕರ ಔದಾರ್ಯವೆಂದು ಹೊಗಳುತ್ತೇವೆ. ಹೊಗಳಿಕೆ ಸಲ್ಲತಕ್ಕದ್ದೇ. ಆದರೆ ಹಂಚುವುದು ಮೊದಲಿಗೆ ಕಾಪಾಡುವ ಒಂದು ಕ್ರಮ, ಅದೂ ನಮಗೆ ಗೊತ್ತಿರುವ ಕ್ರಮಗಳಲ್ಲೆಲ್ಲ ಗಟ್ಟಿಯಾದದ್ದು ಎಂಬುದನ್ನು ಇಂದು ನಿಮ್ಮ ಮುಂದೆ ಸಾಧಿಸಿ ತೋರಿಸಲು ಯತ್ನಿಸುತ್ತೇನೆ.

ಇದಕ್ಕೆ ಸಾಕ್ಷಿ ನಮ್ಮ ಸಾಹಿತ್ಯ ಚರಿತ್ರೆಯಲ್ಲೇ ಇದೆ. ಹತ್ತನೆಯ ಶತಮಾನದ ಪೊನ್ನ ‘ಶಾಂತಿಪುರಾಣ’ವನ್ನೂ ಬರೆದ, ‘ಭುವನೈಕ ರಾಮಾಭ್ಯುದಯ’ವನ್ನೂ ಬರೆದ. ದಾನಚಿಂತಾಮಣಿ ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ, ರಾಮಾಭ್ಯುದಯ ಸಿಕ್ಕಿಲ್ಲ. ಸಾವಿರ ಪ್ರತಿಯಾದದ್ದರಿಂದಲೇ ಒಂದು ಉಳಿಯಿತು, ಆಗದ್ದರಿಂದಲೇ ಇನ್ನೊಂದು ಹೋಯಿತು ಎಂದು ಆಣೆಯಿಟ್ಟು ಹೇಳಲಾಗದು. ಆದರೂ ಗೆದ್ದಲು, ತೇವ, ಬೆಂಕಿಗಳ ನಡುವೆ ಓಲೆಗರಿಯೊಂದು ಸಾವಿರ ವರ್ಷ ಬಾಳುವುದಿಲ್ಲ. ಬಾಳಿದ್ದು ಒಂದು ಗರಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದ ಪಠ್ಯ. ಅತ್ತಿಮಬ್ಬೆ ಆ ಕಾವ್ಯವನ್ನು ಒಂದು ಭದ್ರವಾದ ಪೆಟ್ಟಿಗೆಯಲ್ಲಿ ಇಡಿಸಲಿಲ್ಲ, ಊರೂರಿಗೆ ಕಳಿಸಿದಳು. ಇನ್ನೊಂದು ತುದಿಯ ನಿದರ್ಶನ ನಮಗೆ ಹತ್ತಿರದ ಕಾಲದ್ದು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಎಲ್ಲಿಯೂ ಇಲ್ಲ. ಚಿತ್ರದ ಪ್ರಿಂಟುಗಳು ಇರುತ್ತಿದ್ದುದೇ ಬೆರಳೆಣಿಕೆಯಷ್ಟು, ಅವೂ ವಿತರಕರ ಕೈಯಲ್ಲಿ. ಅದೇ ದಶಕದ ಗ್ರಾಮಫೋನ್ ತಟ್ಟೆಗಳು ಇಂದಿಗೂ ಅಟ್ಟದ ಮೇಲೆ, ಗುಜರಿ ಅಂಗಡಿಯಲ್ಲಿ ಸಿಗುತ್ತವೆ. ಸಿನಿಮಾ ರೀಲಿಗಿಂತ ತಟ್ಟೆ ಗಟ್ಟಿ ಎನ್ನುವಂತಿಲ್ಲ, ಕೈಜಾರಿದರೆ ಅದು ಹಪ್ಪಳದಂತೆ ಒಡೆಯುತ್ತದೆ. ಅದು ಬದುಕಿದ್ದಕ್ಕೆ ಕಾರಣ, ಹುಟ್ಟುವಾಗಲೇ ನೂರಾರು ಮನೆಗೆ ಹಂಚಿಹೋದದ್ದು.

ಹೀಗೆ ಹಂಚಿಹೋದ ಪ್ರತಿಗಳು ಎಂಬತ್ತು–ತೊಂಬತ್ತು ವರ್ಷಗಳಲ್ಲಿ ಹೇಗೆ ಕರಗಿದವು ಎಂಬುದನ್ನೂ ನೋಡಬೇಕು. ಹಳೆಯ 78 ಸುತ್ತಿನ ತಟ್ಟೆಯ ಮುಖ್ಯ ವಸ್ತು ಅರಗು, ಬಹುಪಾಲು ನಮ್ಮ ದೇಶದ ಕಾಡುಗಳಿಂದ ಹೋದದ್ದೇ. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ ಸೇರಿಸಿ ಒತ್ತುತ್ತಿದ್ದರು. ಮೊದಮೊದಲು ಇಲ್ಲಿ ಹಾಡಿದ್ದು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಬರುತ್ತಿತ್ತು. 1908ರಿಂದ ಕಲ್ಕತ್ತೆಯಲ್ಲೇ ಅಚ್ಚಾಗತೊಡಗಿತು, 1928ರಲ್ಲಿ ಡಂಡಂನ ಕಾರ್ಖಾನೆ ಬಂತು. ಎರಡನೇ ಮಹಾಯುದ್ಧದಲ್ಲಿ ಅರಗಿನ ಅಭಾವ ಬಂದಾಗ ಬ್ರಿಟನ್, ಅಮೆರಿಕಗಳಲ್ಲಿ ಹಳೆಯ ತಟ್ಟೆಗಳನ್ನು ಕೂಡಿಸಿ, ಅರೆದು, ಹೊಸದಕ್ಕೆ ಬಳಸಿದರು. ಆಮೇಲೆ ಎಲ್‌ಪಿ ಬಂತು, ಪೆಟ್ಟಿಗೆಯ ಗ್ರಾಮಫೋನು ಮೂಲೆ ಸೇರಿತು. ಎಲ್‌ಪಿಯನ್ನು ಕ್ಯಾಸೆಟ್ಟು, ಕ್ಯಾಸೆಟ್ಟನ್ನು ಸಿಡಿ ತಳ್ಳಿದವು. ಪ್ರತಿ ತಳ್ಳಾಟದಲ್ಲೂ ಕಂಪನಿಗಳು ಮಾರಾಟವಾಗುವಷ್ಟನ್ನು ಮಾತ್ರ ಹೊಸ ರೂಪಕ್ಕೆ ತಂದು ಉಳಿದದ್ದನ್ನು ಹಿಂದೆ ಬಿಟ್ಟವು. ಹಳೆಯ ಪುಸ್ತಕಗಳಿಗೂ ತಟ್ಟೆಗಳಿಗೂ ಹೆಸರಾಗಿದ್ದ ಮದರಾಸಿನ ಮೂರ್ ಮಾರ್ಕೆಟ್ಟು 1985ರಲ್ಲಿ ಸುಟ್ಟುಹೋಯಿತು. ಮನೆಯಲ್ಲಿ ಯಜಮಾನರು ತೀರಿಕೊಂಡ ಮೇಲೆ ತಟ್ಟೆಗಳು ತೂಕಕ್ಕೆ ಹೋಗುವುದಂತೂ ಎಲ್ಲ ಊರಿನ ಕಥೆ. ನೂರಾರು ಪ್ರತಿಯಾಗಿ ಹುಟ್ಟಿದ್ದು ಹೀಗೆ ಹತ್ತಾಗಿ, ಮೂರಾಗಿ, ಕೊನೆಗೆ ಒಂದಾಗುತ್ತದೆ. ಒಂದಾದಾಗ ನಾವು ಅದನ್ನು ‘ಅಪರೂಪ’ ಎಂದು ಕರೆದು ಬೆಲೆ ಏರಿಸುತ್ತೇವೆ. ನನ್ನ ಕಿವಿಗೆ ಆ ಪದ ಒಂದು ಎಚ್ಚರಿಕೆಯಾಗಿ ಕೇಳುತ್ತದೆ: ಇನ್ನೊಂದು ಅಪಘಾತವಾದರೆ ಈ ದನಿ ಇಲ್ಲ.

ಕಂಪನಿಗಳ ಉಗ್ರಾಣದಲ್ಲಿ ಮೂಲ ಇದ್ದೇ ಇರುತ್ತದೆ, ಸಂಗ್ರಾಹಕರು ಏಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಈ ನಂಬಿಕೆಗೆ ಆಧಾರ ತೀರ ತೆಳುವಾದದ್ದು. 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋ ಆವರಣಕ್ಕೆ ಬೆಂಕಿ ಬಿದ್ದು ಮೂಲ ಟೇಪುಗಳು ನಾಶವಾದವು. ಜಗತ್ತಿನ ಅತಿ ಶ್ರೀಮಂತ ಸಂಗೀತ ಉದ್ಯಮದ ಉಗ್ರಾಣದ ಗತಿ ಅದು. ನಮ್ಮ ದೇಶದಲ್ಲಿ ಮುಂಬಯಿಯ ‘ಯಂಗ್ ಇಂಡಿಯಾ’ ಎಂಬ ಸ್ವದೇಶಿ ಲೇಬಲ್ಲು 1935ರಿಂದ 1955ರವರೆಗೆ ಹೊಸ ಹೊಸ ಕಲಾವಿದರ ತಟ್ಟೆಗಳನ್ನು ತಂದಿತು. ಕಂಪನಿ ಮುಚ್ಚಿದ ಮೇಲೆ ಅದರ ತಟ್ಟೆಗಳು ಉಳಿದದ್ದು ಖಾಸಗಿ ಸಂಗ್ರಾಹಕರ ಬಳಿ ಮಾತ್ರ, ಗ್ರಂಥಾಲಯಗಳಲ್ಲಿ ಅಲ್ಲ. ಬ್ರಿಟಿಷ್ ಲೈಬ್ರರಿಯ ಅಳಿವಿನಂಚಿನ ದಾಖಲೆಗಳ ಯೋಜನೆಯಡಿ ಅವು ಡಿಜಿಟಲ್ ರೂಪಕ್ಕೆ ಬಂದದ್ದು ಮುಂಬಯಿಯ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಬಳಗ ಮನೆಮನೆಯ ಸಂಗ್ರಹಗಳನ್ನು ಹುಡುಕಿ ತೆಗೆದದ್ದರಿಂದ. ಉಗ್ರಾಣದಲ್ಲಿ ಮೂಲ ಸುರಕ್ಷಿತವಾಗಿದ್ದರೂ ಅದು ಹೊರಬರುತ್ತದೆ ಎಂಬ ಭರವಸೆ ಇಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಟಿಮ್ ಬ್ರೂಕ್ಸ್ ಅವರ ಸಮೀಕ್ಷೆ 1890ರಿಂದ 1964ರವರೆಗಿನ ಧ್ವನಿಮುದ್ರಿಕೆಗಳನ್ನು ಪರಿಶೀಲಿಸಿತು. ಹಕ್ಕುದಾರರು ಅವುಗಳಲ್ಲಿ ಮತ್ತೆ ಲಭ್ಯವಾಗಿಸಿದ್ದು ಸುಮಾರು ಶೇ. 14 ಮಾತ್ರ, ಹಕ್ಕಿಲ್ಲದವರು ಹೊರತಂದದ್ದು ಅದಕ್ಕಿಂತ ಹೆಚ್ಚು. ಅಷ್ಟು ದೊಡ್ಡ ಮಾರುಕಟ್ಟೆಯಿರುವ ದೇಶದಲ್ಲೇ ಹೀಗಾದರೆ, ಕನ್ನಡದ ರಂಗಗೀತೆಯ ಒಂದು ತಟ್ಟೆಗೆ ಯಾವ ಕಂಪನಿ ಕಾದು ಕುಳಿತಿದೆ?

ಈ ತಟ್ಟೆಗಳಲ್ಲಿ ಇರುವುದಾದರೂ ಏನು? ದೊಡ್ಡ ಕಲಾವಿದರ ಒಳ್ಳೆಯ ಮುದ್ರಣಗಳು ಸಾಕಷ್ಟಿರುವಾಗ ಹಳೆಯ, ಗೊರಗೊರ ಸದ್ದಿನ ಮೂರು ಮಿನಿಟಿನ ಚೂರುಗಳಿಗೆ ಇಷ್ಟು ಹಂಬಲವೇಕೆ? ಧಾರವಾಡ ಸೀಮೆಯ ಎರಡು ಕಂಠಗಳನ್ನು ನೆನೆದರೆ ಉತ್ತರ ಸಿಗುತ್ತದೆ. ಗಂಗೂಬಾಯಿ ಹಾನಗಲ್ ಎಂದೊಡನೆ ನಮಗೆ ಕೇಳುವುದು ಆ ಗಂಡುದನಿಯಂಥ ಗಂಭೀರ ಷಡ್ಜ. ಆದರೆ 1930ರ ದಶಕದ ಆರಂಭದಲ್ಲಿ ಎಚ್‌ಎಂವಿಗೆ ಹಾಡಿದಾಗ ಅವರದು ಎತ್ತರದ, ತೆಳುವಾದ, ಮಿಂಚಿನಂಥ ಕಂಠ. ಗಂಟಲಿನ ತೊಂದರೆ, ಅದಕ್ಕಾದ ಚಿಕಿತ್ಸೆಗಳ ನಂತರ ದನಿ ಬದಲಾಯಿತು. ಆ ಮೊದಲ ಕಂಠವನ್ನು ಕೇಳಬೇಕೆಂದರೆ ಆ ಕೆಲವು ತಟ್ಟೆಗಳೇ ಗತಿ. ಆ ಸ್ವರವನ್ನು ಕೇಳಿದ ಮೇಲೆ, ಕುಗ್ಗಿದ ಕಂಠದಲ್ಲಿ ಕಿರಾನಾ ಘರಾನೆಯ ನಿಧಾನದ ಆಲಾಪವನ್ನು ಅವರು ಮತ್ತೆ ಹೇಗೆ ಕಟ್ಟಿಕೊಂಡರು ಎಂಬುದು ಅರ್ಥವಾಗುತ್ತದೆ; ಕೇಳದಿದ್ದರೆ ಅವರ ಸಾಧನೆಯ ಅರ್ಧವೇ ನಮಗೆ ಕಾಣುತ್ತಿರುತ್ತದೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ, ಅಂದರೆ ಕುಮಾರ ಗಂಧರ್ವ, ಬಾಲಕನಾಗಿದ್ದಾಗಲೇ ತಟ್ಟೆ ಕೊಟ್ಟವರು. ದೊಡ್ಡ ಉಸ್ತಾದರ ಗಾಯನವನ್ನು ಕೇಳಿದ ಹಾಗೇ ಹಾಡಿಬಿಡುವ ಹುಡುಗನ ಶಕ್ತಿ ಅಲ್ಲಿದೆ. 1940ರ ದಶಕದ ಕೊನೆಯಲ್ಲಿ ಕ್ಷಯ ಅವರನ್ನು ಹಾಸಿಗೆಗೆ ಕೆಡವಿತು, ಒಂದು ಶ್ವಾಸಕೋಶ ನಿಷ್ಫಲವಾಯಿತು. ಎದ್ದು ಬಂದಾಗ ಅವರ ಗಾಯನ ಚಿಕ್ಕ ಚಿಕ್ಕ ಉಸಿರಿನ, ತಟ್ಟನೆ ಮೇಲೇರುವ ಹೊಸ ರೂಪ ತಾಳಿತ್ತು. ಎಲ್‌ಪಿಗಳಲ್ಲಿ ನಾವು ಕೇಳುವುದು ಈ ಎರಡನೆಯ ಕುಮಾರರನ್ನು. ಮೊದಲನೆಯವರು ಅರಗಿನ ತಟ್ಟೆಗಳಲ್ಲಿದ್ದಾರೆ. ಒಂದು ಘರಾನೆಯ ಚರಿತ್ರೆ, ಒಂದು ಕಂಠದ ಆತ್ಮಕಥೆ ಇಂಥ ಮೂರು ಮಿನಿಟುಗಳಲ್ಲಿ ಅಡಗಿರುತ್ತದೆ.

ಇನ್ನೂ ಒಂದು ಸಂಗತಿಯಿದೆ. ದನಿ ಯಾರ ಕಿವಿಗೆ ಬಿದ್ದು ಏನಾಗಿ ಹುಟ್ಟುತ್ತದೆ ಎಂಬುದನ್ನು ಕೂಡಿಟ್ಟವರು ಊಹಿಸಲಾರರು. ಕೊಯಮತ್ತೂರು ತಾಯಿ ಎಂಬ ಗಾಯಕಿಯ ತಟ್ಟೆಗಳು ಪ್ಯಾರಿಸ್ಸಿನ ಸಂಗೀತಗಾರ ಮೋರಿಸ್ ದೆಲಾಜ್ ಅವರನ್ನು ಮರುಳುಮಾಡಿದವು. ಆಕೆಯ ಮುದ್ರಣವನ್ನೇ ಆಧರಿಸಿ ಅವರು ‘ರಾಗಮಾಲಿಕಾ’ ಎಂಬ ಕೃತಿ ಬರೆದರು. ಮೈಸೂರಿನಿಂದ ಹೊರಟ ಉಪಕಾರವೊಂದು ಇದಕ್ಕೆ ತಿರುಗು ದಾರಿಯಲ್ಲಿ ನಡೆದಿದೆ. ಜಯಚಾಮರಾಜ ಒಡೆಯರು ತಟ್ಟೆಗಳ ಬಹು ದೊಡ್ಡ ಸಂಗ್ರಾಹಕರು. ರಷ್ಯಾದಿಂದ ಲಂಡನ್ನಿಗೆ ಬಂದು ನೆಲೆಸಿ, ಬಡತನ ಅನಾರೋಗ್ಯಗಳಲ್ಲಿ ಮರೆಯಾಗುತ್ತಿದ್ದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರು ಮೆಚ್ಚಿದ್ದರು. ಮಾರುಕಟ್ಟೆಯಲ್ಲಿ ಆ ಸಂಗೀತದ ತಟ್ಟೆಗಳು ಸಿಗುತ್ತಿರಲಿಲ್ಲ. ಸಿಕ್ಕಷ್ಟನ್ನು ಅರಮನೆಯಲ್ಲಿಟ್ಟು ಕೇಳಿಕೊಂಡು ಸುಮ್ಮನಾಗಲು ಒಡೆಯರಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವರು ಮೆಟ್ನರ್ ಸೊಸೈಟಿಗೆ ಹಣ ಕೊಟ್ಟು, ಸ್ವತಃ ಮೆಟ್ನರ್ ನುಡಿಸಿದ ಮೂರು ಪಿಯಾನೊ ಕನ್ಚರ್ಟೊಗಳೂ ಸೇರಿದಂತೆ ಆಲ್ಬಮ್ಮುಗಳು ಎಚ್‌ಎಂವಿಯಿಂದ ಹೊರಬರುವಂತೆ ಮಾಡಿದರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಇನ್ನು ಮೂರು ನಾಲ್ಕು ವರ್ಷ ತಡವಾಗಿದ್ದರೆ ಕೃತಿಕಾರನ ಕೈಯಿಂದಲೇ ಆ ಸಂಗೀತ ಕೇಳುವ ಭಾಗ್ಯ ಜಗತ್ತಿಗೆ ಇರುತ್ತಿರಲಿಲ್ಲ. ಒಬ್ಬ ಕೇಳುಗನ ಖಾಸಗಿ ಪ್ರೀತಿ ಸಾರ್ವಜನಿಕ ಸಂಪತ್ತಾದದ್ದಕ್ಕೆ ಇಷ್ಟು ಸ್ವಚ್ಛವಾದ ನಿದರ್ಶನ ಇನ್ನೊಂದು ನನಗೆ ಕಾಣದು.

ಇನ್ನು ಕಾನೂನಿನ ಮಾತು. ಈ ವಿಷಯ ಎತ್ತಿದೊಡನೆ ಬರುವ ಆಕ್ಷೇಪ ಇದೇ, ಅದನ್ನು ಹಗುರವಾಗಿ ತಳ್ಳಿಹಾಕುವವರ ಪಕ್ಷ ನನ್ನದಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಮೇಲಿನ ಹಕ್ಕು ಅದು ಪ್ರಕಟವಾದ ವರ್ಷದ ಮರುವರ್ಷದಿಂದ ಎಣಿಸಿ 60 ವರ್ಷ. 1960ರಲ್ಲಿ ಹೊರಬಂದ ತಟ್ಟೆಯ ಹಕ್ಕು 2020ರ ಡಿಸೆಂಬರ್ ಕೊನೆಗೆ ತೀರಿತು. ಅಂದರೆ ಅರಗಿನ ತಟ್ಟೆಗಳಲ್ಲಿ ಬಹುಪಾಲಿನ ಮುದ್ರಣದ ಹಕ್ಕು ಈಗಾಗಲೇ ಮುಗಿದಿದೆ. ವಿನೈಲ್ ಎಲ್‌ಪಿಗಳಲ್ಲಿ ಬಹುಪಾಲಿನದು ಇನ್ನೂ ಇದೆ. ಇಷ್ಟಕ್ಕೇ ಲೆಕ್ಕ ಮುಗಿಯದು. ಮುದ್ರಣದ ಹಕ್ಕು ಬೇರೆ, ಅದರೊಳಗಿನ ಸಾಹಿತ್ಯದ ಹಕ್ಕು ಬೇರೆ, ಧಾಟಿಯ ಹಕ್ಕು ಬೇರೆ. ಪುರಂದರದಾಸರ ಪದವಾದರೆ ಸಾಹಿತ್ಯಕ್ಕೆ ತೊಡಕಿಲ್ಲ. ಪಿ. ಕಾಳಿಂಗರಾಯರು ಬೇಂದ್ರೆಯವರ ಕವಿತೆಯನ್ನು ಹಾಡಿದ್ದಾದರೆ, ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಕವಿತೆಯ ಹಕ್ಕು 2041ರವರೆಗೆ ಇರುತ್ತದೆ. ಕುವೆಂಪು ಅವರ ಕವಿತೆಗೆ 2054ರವರೆಗೆ. ಧಾಟಿ ಹಾಕಿದ್ದು ಕಾಳಿಂಗರಾಯರೇ ಆಗಿದ್ದರೆ ಅವರೂ ತೀರಿಕೊಂಡದ್ದು 1981ರಲ್ಲೇ. ಇಂಥ ತಟ್ಟೆಯನ್ನು ಲೋಕಕ್ಕೆಲ್ಲ ಬಿಟ್ಟುಬಿಡುವ ಅಧಿಕಾರ ಸಂಗ್ರಾಹಕರಿಗಿಲ್ಲ. ಕವಿಯ, ಗಾಯಕರ ವಾರಸುದಾರರ ಒಪ್ಪಿಗೆ ಕೇಳಬೇಕು. ಆದರೆ ಹಕ್ಕು ಇದೆ ಎಂದಾಕ್ಷಣ ಎಲ್ಲ ಬಾಗಿಲೂ ಮುಚ್ಚಿತೆಂದು ಕೈಕಟ್ಟಿ ಕೂರುವವರು ಕಾಯಿದೆಯನ್ನು ಅರ್ಧ ಓದಿದವರು. ಅದೇ ಕಾಯಿದೆಯ 52ನೆಯ ಕಲಮು ಸಂಶೋಧನೆಯೂ ಸೇರಿದ ಖಾಸಗಿ ಬಳಕೆಗೆ ಎಡೆ ಕೊಟ್ಟಿದೆ. ಲಾಭದ ಉದ್ದೇಶವಿಲ್ಲದ ಸಂಘವೊಂದು ತನ್ನ ಚಟುವಟಿಕೆಯ ಭಾಗವಾಗಿ ತಟ್ಟೆಯನ್ನು ಹಾಕಿ ಕೇಳಿಸಲು ಅವಕಾಶವಿದೆ. ತನ್ನಲ್ಲಿ ಮೂಲಪ್ರತಿಯಿರುವ ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯ ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಬಹುದು ಎಂಬುದು 2012ರ ತಿದ್ದುಪಡಿಯಿಂದ ಬಂದದ್ದು. ಹಕ್ಕುದಾರರು ಮರುಪ್ರಕಟಣೆಗೆ ಒಪ್ಪದೆ ಕೃತಿಯನ್ನು ಸಾರ್ವಜನಿಕರಿಂದ ತಡೆದಿಟ್ಟಾಗ ಕಡ್ಡಾಯ ಪರವಾನಗಿ ಕೇಳಲು 31ನೆಯ ಕಲಮಿನಲ್ಲಿ ದಾರಿಯಿದೆ. ಹೀಗಾಗಿ ಹಂಚುವುದಕ್ಕೆ ಮೆಟ್ಟಿಲುಗಳುಂಟು: ಹಕ್ಕು ತೀರಿದ್ದನ್ನು ಎಲ್ಲರಿಗೂ, ತೀರದ್ದನ್ನು ಗ್ರಂಥಾಲಯಕ್ಕೆ, ಶ್ರವಣಗೋಷ್ಠಿಗೆ, ಅಭ್ಯಾಸಿಗೆ. ಯಾವ ಮೆಟ್ಟಿಲಾದರೂ ಕಪಾಟಿಗಿಂತ ಮೇಲು.

ಕಾನೂನಿಗಿಂತ ಸೂಕ್ಷ್ಮವಾದ ಆಕ್ಷೇಪ ಒಂದಿದೆ. ಕಲಾವಿದರೇ ಮೆಚ್ಚದ, ಎಳೆತನದ ಅಥವಾ ದನಿ ಬಿದ್ದ ಕಾಲದ ಮುದ್ರಣವನ್ನು ಹೊರತೆಗೆದು ಕೇಳಿಸುವುದು ಅವರಿಗೆ ಮಾಡುವ ಅನ್ಯಾಯವಲ್ಲವೇ? ಇಲ್ಲಿ ಒಂದು ಗೆರೆ ಎಳೆಯಬೇಕೆಂದು ನನಗೆ ತೋರುತ್ತದೆ. ಮನೆಯ ಬೈಠಕ್ಕಿನಲ್ಲಿ ಆಪ್ತರಿಗಾಗಿ ಹಾಡಿದ್ದನ್ನು ಯಾರೋ ಟೇಪು ಮಾಡಿಕೊಂಡದ್ದು ಒಂದು ಬಗೆ. ಕಲಾವಿದರ ಒಪ್ಪಿಗೆಯಿಲ್ಲದೆ ಅದು ಹೊರಬರಕೂಡದು, ಅವರು ಇಲ್ಲವಾಗಿದ್ದರೆ ಅವರ ಶಿಷ್ಯರನ್ನೋ ಮಕ್ಕಳನ್ನೋ ಕೇಳಬೇಕು. ತಟ್ಟೆಯದು ಬೇರೆ ಬಗೆ. ಅದು ಹಣ ಪಡೆದು ಹಾಡಿದ್ದು, ಹೆಸರು ಅಚ್ಚಾದದ್ದು, ಅಂಗಡಿಯಲ್ಲಿ ಮಾರಾಟವಾದದ್ದು. ಸಭೆಯಲ್ಲಿ ಆಡಿದ ಮಾತಿನಂತೆ ಅದು ಒಮ್ಮೆ ಲೋಕದ್ದಾಗಿದೆ. ಅದು ಮತ್ತೆ ಕೇಳಿಬಂದರೆ ಯಾರ ಗುಟ್ಟೂ ಬಯಲಾಗುವುದಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಣಕಾರ ಫ್ರೆಡ್ ಗೈಸ್ಬರ್ಗ್ ಮುಂದೆ ಹಾಡಿದ ಗೌಹರ್ ಜಾನ್ ಕೊನೆಯ ದಿನಗಳನ್ನು ಕಳೆದದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ತೀರಿಕೊಂಡದ್ದು 1930ರಲ್ಲಿ, ಮೈಸೂರಿನಲ್ಲೇ. ಆ ಮಹಾ ಗಾಯಕಿಯ ಸಂಪತ್ತು, ವೈಭವ ಯಾವುದೂ ಉಳಿಯಲಿಲ್ಲ. ಉಳಿದ ತಟ್ಟೆಗಳು ಕೇಳಿಬರದಂತೆ ಮಾಡುವುದು ಆಕೆಗೆ ತೋರುವ ಗೌರವವಾಗಲಾರದು.

ಸಂಗ್ರಾಹಕರ ಅಳುಕನ್ನೂ ಅರ್ಥಮಾಡಿಕೊಳ್ಳಬೇಕು. ನಲವತ್ತು ವರ್ಷ ಊರೂರು ಅಲೆದು, ಸಂಬಳದ ಹಣ ಸುರಿದು ಕೂಡಿಸಿದ್ದನ್ನು ಹಂಚಿದ ಮರುದಿನವೇ ಯಾರೋ ತಮ್ಮದೆಂದು ಮಾರಿಕೊಂಡರೆ ಹೊಟ್ಟೆ ಉರಿಯದಿರುತ್ತದೆಯೇ? ನ್ಯಾಯವಾದ ನೋವು ಇದು. ಇದಕ್ಕೆ ಮದ್ದು ಸಂಸ್ಥೆಗಳ ಕೈಯಲ್ಲಿದೆ. ಕಾರೈಕುಡಿ ಬಳಿಯ ಕೋಟ್ಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರ್ ಒಬ್ಬರೇ ಕೂಡಿಸಿದ ಪುಸ್ತಕ, ಪತ್ರಿಕೆಗಳ ಸಂಗ್ರಹವನ್ನು ಅವರ ಮರಣಾನಂತರ ಷಿಕಾಗೊ ವಿಶ್ವವಿದ್ಯಾಲಯ ಕೊಂಡುಕೊಂಡಿತು. ಆದರೆ ಅಮೆರಿಕಕ್ಕೆ ಸಾಗಿಸಲಿಲ್ಲ; 1994ರಲ್ಲಿ ಚೆನ್ನೈನಲ್ಲೇ ಗ್ರಂಥಾಲಯವಾಗಿ ಸ್ಥಾಪಿಸಿತು. ಅದು ಇಂದಿಗೂ ಆ ಸಂಗ್ರಾಹಕರ ಹೆಸರಿನಲ್ಲೇ ನಡೆದಿದೆ. ಕಲ್ಕತ್ತೆಯ ಜಾದವಪುರ ವಿಶ್ವವಿದ್ಯಾಲಯದ ಹಿಂದುಸ್ತಾನಿ ಸಂಗೀತ ಸಂಗ್ರಹ ಬೆಳೆದದ್ದೂ ಖಾಸಗಿ ಸಂಗ್ರಾಹಕರು ತಮ್ಮಲ್ಲಿದ್ದುದನ್ನು ನಕಲಿಗೆ ಕೊಟ್ಟದ್ದರಿಂದ. ಕೊಟ್ಟವರ ಹೆಸರು ಪ್ರತಿ ದನಿಗಡತದ ಜೊತೆಗೂ ಅಂಟಿಕೊಂಡು ಹೋಗುವ ಪದ್ಧತಿ ಬರಬೇಕು. ನಮ್ಮ ವಿಶ್ವವಿದ್ಯಾಲಯಗಳು ಕೇಳಬೇಕಾದದ್ದು ತಟ್ಟೆಯನ್ನಲ್ಲ, ಒಂದು ವಾರ ತಟ್ಟೆಯನ್ನು ಎರವಲು ಕೊಡುವ ವಿಶ್ವಾಸವನ್ನು. ಇನ್ನು ಬೆಲೆ ಇಳಿದೀತೆಂಬ ಭಯಕ್ಕೆ ಆಧಾರವಿಲ್ಲ. ಕೊಳ್ಳುವವರು ಕೊಳ್ಳುವುದು ತಟ್ಟೆಯೆಂಬ ವಸ್ತುವನ್ನು. ಕೇಳಿಯೇ ಗೊತ್ತಿಲ್ಲದ ಹಾಡಿನ ತಟ್ಟೆಯನ್ನು ಹುಡುಕಿಕೊಂಡು ಬರುವವರು ಎಷ್ಟು ಮಂದಿ?

ಹಂಚುವ ಕೆಲಸವನ್ನು ಹೇಗೆಂದರೆ ಹಾಗೆ ಮಾಡಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಎಲ್‌ಪಿಯ ಸಣ್ಣ ಮುಳ್ಳನ್ನು 78ರ ತಟ್ಟೆಗೆ ಇಟ್ಟರೆ ಅದು ಅಗಲವಾದ ಗಾಡಿಜಾಡಿನಲ್ಲಿ ಸೈಕಲ್ಲು ಹೊರಳಾಡಿದಂತೆ ತಳದ ಕಸವನ್ನು ಕೆರೆಯುತ್ತದೆ. ಅರಗಿನ ತಟ್ಟೆಗೆ ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಹಳೆಯ ತಟ್ಟೆಗಳೆಲ್ಲ 78 ಸುತ್ತಿನವೇ ಎಂದು ನಂಬುವುದೂ ತಪ್ಪು. 75 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸ್ವರಸ್ಥಾನದ ಮೂರನೇ ಎರಡು ಪಾಲಿನಷ್ಟು ಏರಿಬಿಡುತ್ತದೆ, ಲಯವೂ ಓಡುತ್ತದೆ. ಆಗ ಮುಂದಿನ ಪೀಳಿಗೆ ಆ ವಿದ್ವಾಂಸರು ಇಷ್ಟು ಎತ್ತರದ ಶ್ರುತಿಯಲ್ಲಿ, ಇಷ್ಟು ಅವಸರದಲ್ಲಿ ಹಾಡುತ್ತಿದ್ದರೆಂದು ಪುಸ್ತಕ ಬರೆಯುತ್ತದೆ. ಕರಕರ ಸದ್ದು ತೆಗೆಯುವ ಹುಮ್ಮಸ್ಸಿನಲ್ಲಿ ತಂಬೂರಿಯ ಝೇಂಕಾರವನ್ನೂ ಗಾಯಕಿಯ ಉಸಿರನ್ನೂ ತೊಳೆದುಹಾಕುವವರಿದ್ದಾರೆ. ಕೇಳುವ ಹಿತಕ್ಕೆ ಒಂದು ಹಸನಾದ ಪ್ರತಿ ಇರಲಿ, ಆದರೆ ಏನನ್ನೂ ಮುಟ್ಟದ ಕಚ್ಚಾ ಪ್ರತಿ ಅದರ ಪಕ್ಕದಲ್ಲಿ ಇರಲೇಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಲೇಬಲ್ಲಿನ ಎರಡೂ ಮುಖದ ಚಿತ್ರ, ಕಂಪನಿಯ ಪಟ್ಟಿಯ ಸಂಖ್ಯೆ, ಹಾಡಿನ ಗೀರು ಮುಗಿದು ಲೇಬಲ್ಲು ಶುರುವಾಗುವ ನಡುವಣ ನುಣುಪು ಜಾಗದಲ್ಲಿ ಕೊರೆದ ಮುದ್ರಣಸಂಖ್ಯೆ. ಆಸ್ಟ್ರೇಲಿಯದ ಮೈಕಲ್ ಕಿನಿಯರ್ ಭಾರತದ ಮೊದಲ ಧ್ವನಿಮುದ್ರಿಕೆಗಳ ಪಟ್ಟಿಯನ್ನು ಕಟ್ಟಲು ಸಾಧ್ಯವಾದದ್ದು ಇಂಥ ಸಂಖ್ಯೆಗಳ ಆಸರೆಯಿಂದ. ಕಾಗದದ ಹೊದಿಕೆಯನ್ನೂ ಎಸೆಯಬಾರದು. ಅದರ ಮೇಲಿನ ಅಂಗಡಿಯ ಮೊಹರು ಯಾವ ಊರಿನವರು ಏನು ಕೇಳುತ್ತಿದ್ದರು ಎಂಬುದಕ್ಕೆ ದಾಖಲೆ.

ಹಾಡಿದವರ ಗುರುತನ್ನು ದಾಖಲಿಸುವ ಅಗತ್ಯ ಮೊದಲ ತಲೆಮಾರಿನ ಗಾಯಕಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಾಡು ಮುಗಿದೊಡನೆ ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಸಾವಿರಾರು ಮೈಲಿ ದೂರದಲ್ಲಿ ತಟ್ಟೆ ಅಚ್ಚುಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಆ ಏರ್ಪಾಡು. ಗಂಗೂಬಾಯಿಯವರ ಆ ಎಳೆಯ ಕಾಲದ ತಟ್ಟೆಗಳ ಮೇಲೆ ‘ಗಂಗೂಬಾಯಿ ಹಾನಗಲ್’ ಎಂದಿಲ್ಲ. ಅವರ ಹುಟ್ಟುಹೆಸರು ಗಾಂಧಾರಿ. ಲೇಬಲ್ಲಿನ ಮೇಲಿರುವುದು ಆ ಹೆಸರು ಮತ್ತು ಹುಬ್ಬಳ್ಳಿ ಎಂಬ ಊರು. ಯಾರೋ ಒಬ್ಬರು ಲೇಬಲ್ಲಿನ ಚಿತ್ರವಿಲ್ಲದೆ, ಸಂಖ್ಯೆಯಿಲ್ಲದೆ, ಬರೀ ಆ ಮೂರು ಮಿನಿಟಿನ ತೆಳು ಕಂಠವನ್ನಷ್ಟೇ ನಮ್ಮ ಕೈಗಿತ್ತಿದ್ದರೆ, ಅದು ಯಾರ ದನಿ ಎಂದು ನಾವು ಗುರುತು ಹಿಡಿಯುತ್ತಿದ್ದೆವೇ?